ಲಾರಿ ಹತ್ತಿದ ಮೇಷ್ಟ್ರು



ಹೋದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕಾಫಿ ಕುಡಿಯುತ್ತಾ ಮೇಜಿನ ಮೇಲಿದ್ದ ಡಿವಿಡಿಗಳನ್ನು ತಿರುವಿ ನೋಡಿ, "ಏನ್ ಸಾರ್, ಈ ವಯಸ್ಸಿನಲ್ಲಿ ಇಂಥ ಕೊಲೆ, ರಕ್ತಪಾತದ ಸಿನಿಮಾಗಳನ್ನು ನೋಡುತ್ತೀರಲ್ಲ, ನೆಮ್ಮದಿಯಾಗಿ ನಿದ್ದೆ ಬರುತ್ತದೆಯೇ?" ಎಂದು ಕೇಳಿದ. ಆಗ ನಕ್ಕು ಸುಮ್ಮನಾದೆ. ಅವನು ಹೋದ ಮೇಲೂ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿಯಿತು. ತರಗತಿಯಲ್ಲಿ ಯಾರಾದರೂ ಪ್ರಶ್ನೆ ಕೇಳಿದಾಗ ಉತ್ತರಿಸುವ ಮೊದಲೇ ಗಂಟೆ ಹೊಡೆದುಬಿಟ್ಟರೆ, ಮಾರನೆಯ ದಿನ ಅಲ್ಲಿಂದಲೇ ಪಾಠ ಪ್ರಾರಂಭಿಸುವುದು ನನ್ನ ಪದ್ಧತಿಯಾಗಿತ್ತು. ಈ ಲೇಖನವನ್ನೂ ಹಾಗೆಯೇ ತಿಳಿಯಿರಿ.

1994ರ ಏಪ್ರಿಲ್ ತಿಂಗಳ ಕೊನೆಯ ದಿನಗಳು. ಎಸ್.ಎಸ್.ಎಲ್.ಸಿ. ಸಮಾಜ ವಿಜ್ಞಾನ ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆಂದು ನಾನು ಜಿಲ್ಲಾ ಕೇಂದ್ರಕ್ಕೆ ಹೋಗಿದ್ದೆ. ಸುಡುಬಿಸಿಲು, ತಿರುಗಿದರೂ ಗಾಳಿ ಬಾರದ ಫ್ಯಾನು, ಎದುರಿಗೆ ಉತ್ತರ ಪತ್ರಿಕೆಗಳ ಕಟ್ಟು. ಮಧ್ಯಾಹ್ನದ ಬಿಡುವಿನಲ್ಲಿ ಯಾರೋ ತಂದಿದ್ದ ದಿನಪತ್ರಿಕೆಯ ಒಳಪುಟದಲ್ಲಿ, ಆಫ್ರಿಕಾದ ರುವಾಂಡಾ ಎಂಬ ದೇಶದಲ್ಲಿ ಬುಡಕಟ್ಟುಗಳ ನಡುವೆ ಕಾದಾಟ ನಡೆಯುತ್ತಿದೆ, ಸಾವಿರಾರು ಜನ ಸತ್ತಿದ್ದಾರೆ ಎಂಬರ್ಥದ ಪುಟ್ಟ ಸುದ್ದಿಯೊಂದಿತ್ತು. ಓದಿದೆ, ಪುಟ ತಿರುಗಿಸಿದೆ, ಮತ್ತೆ ಕೆಂಪು ಶಾಯಿಯ ಪೆನ್ನು ಹಿಡಿದೆ. ಆ ದಿನದ ಕಟ್ಟಿನಲ್ಲಿ ವಿಶ್ವಸಂಸ್ಥೆಯ ಧ್ಯೇಯೋದ್ದೇಶಗಳನ್ನು ಕುರಿತ ಪ್ರಶ್ನೆಯೂ ಇತ್ತೆಂಬುದು ನನಗೆ ಚೆನ್ನಾಗಿ ನೆನಪಿದೆ. 'ವಿಶ್ವಶಾಂತಿಯನ್ನು ಕಾಪಾಡುವುದು' ಎಂದು ಬರೆದಿದ್ದ ಮಕ್ಕಳಿಗೆಲ್ಲ ಪೂರ್ಣ ಅಂಕ ಕೊಟ್ಟೆ. ಅದೇ ತಿಂಗಳ 21ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ರುವಾಂಡಾದಲ್ಲಿದ್ದ ತನ್ನ ಶಾಂತಿಪಾಲನಾ ಪಡೆಯನ್ನು ಸುಮಾರು 2,500ರಿಂದ 270ಕ್ಕೆ ಇಳಿಸಲು ನಿರ್ಣಯಿಸಿತ್ತು. ಈ ಸಂಗತಿ ನನಗೆ ತಿಳಿದದ್ದು ಹನ್ನೆರಡು ವರ್ಷಗಳ ನಂತರ, ಅದೂ ಒಂದು ಚಲನಚಿತ್ರದ ಮೂಲಕ.

2006ರಲ್ಲಿ ನನ್ನ ಸೋದರಳಿಯನು ಬೆಂಗಳೂರಿನಿಂದ ಬರುವಾಗ 'ಹೋಟೆಲ್ ರುವಾಂಡಾ' ಚಿತ್ರದ ಡಿವಿಡಿ ತಂದಿದ್ದ. ಅಂದಿನಿಂದ ಆ ವಿಷಯ ನನ್ನನ್ನು ಬಿಟ್ಟಿಲ್ಲ. ಚಿತ್ರಗಳ ಮಾತಿಗೆ ಹೋಗುವ ಮುನ್ನ ಇತಿಹಾಸವನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ಪಾಠ ಮಾಡುವ ಚಟ ಹೋಗಿಲ್ಲ, ಕ್ಷಮೆಯಿರಲಿ.

ರುವಾಂಡಾ ಮಧ್ಯ ಆಫ್ರಿಕಾದ ಪುಟ್ಟ ದೇಶ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಸುಮಾರು ಏಳನೆಯ ಒಂದು ಭಾಗ. ಎಲ್ಲಿ ನೋಡಿದರೂ ಹಸಿರು ಗುಡ್ಡಗಳು. ಆದ್ದರಿಂದಲೇ 'ಸಾವಿರ ಗುಡ್ಡಗಳ ನಾಡು' ಎಂಬ ಹೆಸರು. ಅಲ್ಲಿ ಬಹುಸಂಖ್ಯಾತರು ಹುಟುಗಳು, ಅಲ್ಪಸಂಖ್ಯಾತರು ಟುಟ್ಸಿಗಳು. ಇಬ್ಬರ ಭಾಷೆಯೂ ಕಿನ್ಯಾರುವಾಂಡ. ಇಬ್ಬರೂ ಒಂದೇ ಊರುಗಳಲ್ಲಿ ವಾಸಿಸಿದವರು, ಒಂದೇ ಚರ್ಚುಗಳಲ್ಲಿ ಪ್ರಾರ್ಥಿಸಿದವರು, ಪರಸ್ಪರ ಮದುವೆ ಸಂಬಂಧ ಬೆಳೆಸಿದವರು. ಮೊದಲು ಜರ್ಮನರು, ಮೊದಲ ಮಹಾಯುದ್ಧದ ಕಾಲದಿಂದ ಬೆಲ್ಜಿಯನ್ನರು ಆ ನಾಡನ್ನು ಆಳಿದರು. ಬೆಲ್ಜಿಯನ್ ಆಡಳಿತವು ಟುಟ್ಸಿಗಳನ್ನು ಮೇಲಿನವರೆಂದು ಬಗೆದು ಅಧಿಕಾರವನ್ನೂ ವಿದ್ಯೆಯನ್ನೂ ಅವರಿಗೆ ಮೀಸಲಾಗಿಸಿತು. 1930ರ ದಶಕದಲ್ಲಿ ಪ್ರತಿಯೊಬ್ಬರಿಗೂ ಜನಾಂಗದ ಹೆಸರು ನಮೂದಿಸಿದ ಗುರುತಿನ ಚೀಟಿಯನ್ನು ಕೊಟ್ಟಿತು. ಅಲ್ಲಿಯವರೆಗೆ ಸ್ವಲ್ಪಮಟ್ಟಿಗಾದರೂ ದಾಟಬಹುದಾಗಿದ್ದ ಗೆರೆ ಆ ಚೀಟಿಯ ಮೇಲೆ ಕಲ್ಲಿನ ಗೆರೆಯಾಯಿತು. 1959ರ ದಂಗೆಯ ನಂತರ ಅಧಿಕಾರ ಹುಟುಗಳ ಕೈಸೇರಿ, ಅಸಂಖ್ಯ ಟುಟ್ಸಿಗಳು ನೆರೆಯ ದೇಶಗಳಿಗೆ ಓಡಿಹೋದರು. 1962ರಲ್ಲಿ ದೇಶ ಸ್ವತಂತ್ರವಾಯಿತು. ಬೆಲ್ಜಿಯನ್ನರು ಹೋದರು, ಗುರುತಿನ ಚೀಟಿ ಉಳಿಯಿತು.

1990ರಲ್ಲಿ ಆ ನಿರಾಶ್ರಿತರ ಮಕ್ಕಳು ಕಟ್ಟಿದ ಸೇನೆಯು ಉಗಾಂಡಾದಿಂದ ಒಳನುಗ್ಗಿತು. 1993ರ ಆಗಸ್ಟ್‌ನಲ್ಲಿ ಅರುಷಾದಲ್ಲಿ ಶಾಂತಿ ಒಪ್ಪಂದವಾಯಿತು. ಅದರ ಉಸ್ತುವಾರಿಗೆಂದು ಕೆನಡಾದ ಸೇನಾನಿ ರೋಮಿಯೋ ದಲೇರ್ ಅವರ ನೇತೃತ್ವದಲ್ಲಿ ವಿಶ್ವಸಂಸ್ಥೆಯ ಪಡೆ ಬಂದಿತು. ಇತ್ತ ಆರ್.ಟಿ.ಎಲ್.ಎಂ. ಎಂಬ ಬಾನುಲಿ ಕೇಂದ್ರವು ಹಾಡು, ಹಾಸ್ಯಗಳ ನಡುವೆ ಟುಟ್ಸಿಗಳನ್ನು 'ಜಿರಲೆಗಳು' ಎಂದು ಕರೆಯುತ್ತಾ ಹಗೆಯನ್ನು ಬಿತ್ತುತ್ತಿತ್ತು. 1994ರ ಜನವರಿ 11ರಂದು ದಲೇರ್ ಅವರು, ಶಸ್ತ್ರಾಸ್ತ್ರಗಳನ್ನು ಬಚ್ಚಿಡಲಾಗಿದೆ, ಟುಟ್ಸಿಗಳ ಪಟ್ಟಿ ತಯಾರಾಗುತ್ತಿದೆ ಎಂದು ನ್ಯೂಯಾರ್ಕಿಗೆ ತಂತಿ ಸಂದೇಶ ಕಳುಹಿಸಿ, ಆ ಶಸ್ತ್ರಗಳನ್ನು ವಶಪಡಿಸಿಕೊಳ್ಳುವುದಾಗಿ ತಿಳಿಸಿದರು. ಅದಕ್ಕೆ ಅನುಮತಿ ಸಿಗಲಿಲ್ಲ.

ಏಪ್ರಿಲ್ 6ರ ರಾತ್ರಿ ರುವಾಂಡಾದ ಅಧ್ಯಕ್ಷ ಹಬ್ಯಾರಿಮಾನ ಅವರಿದ್ದ ವಿಮಾನವನ್ನು ಹೊಡೆದುರುಳಿಸಲಾಯಿತು. ಮರುದಿನವೇ ಪ್ರಧಾನಿ ಅಗಾಥೆ ಉವಿಲಿಂಗಿಯಿಮಾನ ಅವರ ಕೊಲೆಯಾಯಿತು. ಆಕೆ ಹುಟು ಜನಾಂಗದವರೇ, ರಾಜಕೀಯಕ್ಕೆ ಬರುವ ಮೊದಲು ಅಧ್ಯಾಪಕಿಯಾಗಿದ್ದವರು. ಆಕೆಯ ರಕ್ಷಣೆಗೆ ಹೋಗಿದ್ದ ಬೆಲ್ಜಿಯಂನ 10 ಮಂದಿ ಶಾಂತಿಪಾಲಕ ಸೈನಿಕರನ್ನೂ ಕೊಲ್ಲಲಾಯಿತು. ಅಲ್ಲಿಂದ ಸುಮಾರು ನೂರು ದಿನಗಳ ಕಾಲ ನಡೆದದ್ದನ್ನು ವರ್ಣಿಸಲು ನನಗೆ ಮನಸ್ಸಿಲ್ಲ. ರಸ್ತೆ ರಸ್ತೆಗೆ ತಡೆಗೋಡೆ, ಅಲ್ಲಿ ಗುರುತಿನ ಚೀಟಿಯ ತಪಾಸಣೆ, ಚೀಟಿಯಲ್ಲಿ 'ಟುಟ್ಸಿ' ಎಂದಿದ್ದರೆ ಮಚ್ಚು. ಸತ್ತವರು ಎಂಟು ಲಕ್ಷದಷ್ಟು ಎಂಬುದು ವಿಶ್ವಸಂಸ್ಥೆಯ ಅಂದಾಜು. ಹತ್ತು ಲಕ್ಷಕ್ಕೂ ಹೆಚ್ಚು ಎಂಬುದು ರುವಾಂಡಾ ಸರ್ಕಾರದ ಲೆಕ್ಕ. ಕೊಲ್ಲಲೊಪ್ಪದ ಹುಟುಗಳೂ ಅವರಲ್ಲಿದ್ದರು. ಜುಲೈನಲ್ಲಿ ಬಂಡುಕೋರ ಸೇನೆ ಗೆದ್ದ ಮೇಲೆ ಅದು ನಿಂತಿತು.

ಈ ಘಟನೆಯನ್ನು ಕುರಿತು ಹತ್ತು ವರ್ಷಗಳ ನಂತರ ಸಾಲಾಗಿ ಚಿತ್ರಗಳು ಬಂದವು. ನಾನು ನೋಡಿದವು ನಾಲ್ಕು: ಟೆರ್ರಿ ಜಾರ್ಜ್ ನಿರ್ದೇಶನದ 'ಹೋಟೆಲ್ ರುವಾಂಡಾ' (2004), ಮೈಕೇಲ್ ಕೇಟನ್-ಜೋನ್ಸ್ ಅವರ 'ಶೂಟಿಂಗ್ ಡಾಗ್ಸ್' (2005), ರಾವುಲ್ ಪೆಕ್ ಅವರ 'ಸಮ್‌ಟೈಮ್ಸ್ ಇನ್ ಏಪ್ರಿಲ್' (2005), ರೋಜರ್ ಸ್ಪಾಟಿಸ್‌ವುಡ್ ಅವರ 'ಶೇಕ್ ಹ್ಯಾಂಡ್ಸ್ ವಿತ್ ದಿ ಡೆವಿಲ್' (2007). ನಾಲ್ಕರಲ್ಲಿಯೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊಲ್ಲುವವರಲ್ಲ. ಹೊರಗಿನಿಂದ ಬಂದು ಅಲ್ಲಿ ನಿಂತಿದ್ದವರು: ಸೈನಿಕ, ಪಾದ್ರಿ, ಪತ್ರಕರ್ತ, ಅಧಿಕಾರಿ, ಮೇಷ್ಟ್ರು. ಅವರಿಗೆ ಹೋಗಲು ಒಂದು ದಾರಿಯಿತ್ತು. ಅದೇ ಅವರ ಧರ್ಮಸಂಕಟ.

'ಹೋಟೆಲ್ ರುವಾಂಡಾ' ಹೆಚ್ಚು ಜನ ನೋಡಿದ ಚಿತ್ರ. ಕಿಗಾಲಿಯ 'ಮಿಲ್ ಕೊಲಿನ್' ಹೋಟೆಲಿನಲ್ಲಿ 1,268 ಮಂದಿ ಆಶ್ರಯ ಪಡೆದು ಬದುಕುಳಿದ ಕಥೆ. ವ್ಯವಸ್ಥಾಪಕ ಪಾಲ್ ರುಸೆಸಬಗಿನ ಅವರ ಪಾತ್ರದಲ್ಲಿ ಡಾನ್ ಚೀಡಲ್ ನಟಿಸಿದ್ದಾರೆ. ಅದರಲ್ಲಿ ಬೀದಿಯ ಹತ್ಯೆಯನ್ನು ಚಿತ್ರೀಕರಿಸಿ ತಂದ ವಿದೇಶಿ ಛಾಯಾಗ್ರಾಹಕನಿಗೆ ಪಾಲ್ ಕೃತಜ್ಞತೆ ಹೇಳುತ್ತಾನೆ. ಇದನ್ನು ಕಂಡ ಮೇಲೆ ಜಗತ್ತು ಬಾರದಿರುತ್ತದೆಯೇ ಎಂಬುದು ಅವನ ನಂಬಿಕೆ. ಛಾಯಾಗ್ರಾಹಕನಾದರೋ, ಜನ ಇದನ್ನು ನೋಡಿ, ಅಯ್ಯೋ ಪಾಪ ಎಂದು, ಊಟ ಮುಂದುವರಿಸುತ್ತಾರೆ ಎಂದುಬಿಡುತ್ತಾನೆ. ಆ ಮಾತು ಬಂದಾಗ ನಾನು ತಟ್ಟೆಯಲ್ಲಿ ಅವಲಕ್ಕಿ ಇಟ್ಟುಕೊಂಡು ಕುಳಿತಿದ್ದೆ. ಮೌಲ್ಯಮಾಪನ ಕೇಂದ್ರದ ಆ ದಿನಪತ್ರಿಕೆ ಆಗ ಕಣ್ಣ ಮುಂದೆ ಬಂತು.

ಆದರೆ ಇತಿಹಾಸದ ಮೇಷ್ಟ್ರಾಗಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಚಿತ್ರದ ಪಾಲ್ ಬೇರೆ, ನಿಜಜೀವನದ ಪಾಲ್ ಬೇರೆ. ಆ ಹೋಟೆಲಿನಲ್ಲಿ ಬದುಕುಳಿದ ಕೆಲವರು, ಆತ ಕೋಣೆಗಳಿಗೆ ಹಣ ಕೇಳಿದ್ದರೆಂದು ಆಕ್ಷೇಪಿಸಿದ್ದಾರೆ. ಇನ್ನು ಕೆಲವರು ಆತನನ್ನು ಸಮರ್ಥಿಸಿದ್ದಾರೆ. ಮುಂದೆ ಆತ ರುವಾಂಡಾ ಸರ್ಕಾರದ ಕಟು ಟೀಕಾಕಾರರಾದರು. 2020ರಲ್ಲಿ ಬಂಧಿತರಾಗಿ, 2021ರಲ್ಲಿ ಭಯೋತ್ಪಾದನೆಯ ಆರೋಪದ ಮೇಲೆ 25 ವರ್ಷಗಳ ಶಿಕ್ಷೆಗೆ ಗುರಿಯಾದರು. ಆ ವಿಚಾರಣೆ ನ್ಯಾಯಯುತವಾಗಿರಲಿಲ್ಲವೆಂದು ಮಾನವ ಹಕ್ಕುಗಳ ಸಂಘಟನೆಗಳು ಆಕ್ಷೇಪಿಸಿದವು. 2023ರ ಮಾರ್ಚ್‌ನಲ್ಲಿ ಅವರ ಬಿಡುಗಡೆಯಾಯಿತು. ಚಲನಚಿತ್ರ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಮನುಷ್ಯನ ಬಾಳು ಅಲ್ಲಿಗೆ ಮುಗಿಯುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ ಚಿತ್ರ 'ಶೂಟಿಂಗ್ ಡಾಗ್ಸ್'. ಕಾರಣ ಸರಳ: ಅದು ಒಂದು ಶಾಲೆಯಲ್ಲಿ ನಡೆಯುತ್ತದೆ, ಅದರಲ್ಲೊಬ್ಬ ಮೇಷ್ಟ್ರಿದ್ದಾನೆ.

ಕಿಗಾಲಿಯ ತಾಂತ್ರಿಕ ಶಾಲೆಯೊಂದರಲ್ಲಿ ಬೆಲ್ಜಿಯಂ ಸೈನಿಕರ ತುಕಡಿ ಬೀಡುಬಿಟ್ಟಿತ್ತು. ಹತ್ಯೆಗಳು ಪ್ರಾರಂಭವಾದೊಡನೆ ಸುಮಾರು ಎರಡು ಸಾವಿರ ಜನ, ನೀಲಿ ಟೋಪಿಯವರು ಕಾಪಾಡುತ್ತಾರೆಂದು ನಂಬಿ ಶಾಲೆಯ ಆವರಣಕ್ಕೆ ಬಂದರು. ಗೇಟಿನ ಹೊರಗೆ ಮಚ್ಚು ಹಿಡಿದವರು ಕಾಯುತ್ತಿದ್ದರು. ಏಪ್ರಿಲ್ 11ರಂದು ಬೆಲ್ಜಿಯಂ ಸೈನಿಕರಿಗೆ ಹಿಂತಿರುಗುವ ಆದೇಶ ಬಂತು. ಲಾರಿಗಳು ಹೊರಟವು; ಜನ ಅಂಗಲಾಚಿ ಅಡ್ಡ ಬಿದ್ದರು. ಸೈನಿಕರು ಹೋದ ಮೇಲೆ ಅಲ್ಲಿದ್ದವರನ್ನು ನ್ಯಾಂಜಾ ಎಂಬ ಗುಡ್ಡಕ್ಕೆ ನಡೆಸಿಕೊಂಡು ಹೋಗಿ ಕೊಲ್ಲಲಾಯಿತು. ಇದು ನಡೆದ ಸಂಗತಿ. ಚಿತ್ರವನ್ನು ತೆಗೆದದ್ದೂ ಅದೇ ಶಾಲೆಯ ಆವರಣದಲ್ಲಿ. ಬದುಕುಳಿದ ಅನೇಕರು ಚಿತ್ರತಂಡದಲ್ಲಿ ಕೆಲಸ ಮಾಡಿದರು. ಕೊನೆಯಲ್ಲಿ ಹೆಸರುಗಳು ಬರುವಾಗ ಅವರ ಮುಖಗಳನ್ನೂ, ಅವರು ಕಳೆದುಕೊಂಡ ಬಂಧುಗಳ ವಿವರವನ್ನೂ ತೋರಿಸುತ್ತಾರೆ. ದಯವಿಟ್ಟು ಅದಕ್ಕೆ ಮೊದಲೇ ಎದ್ದು ಹೋಗಬೇಡಿ.

ಚಿತ್ರದಲ್ಲಿ ಕ್ರಿಸ್ಟಫರ್ ಎಂಬ ವೃದ್ಧ ಪಾದ್ರಿ, ಜೋ ಎಂಬ ತರುಣ ಇಂಗ್ಲಿಷ್ ಮೇಷ್ಟ್ರು, ಅವನನ್ನು ಬಹಳವಾಗಿ ನಂಬಿದ ಮರೀ ಎಂಬ ಟುಟ್ಸಿ ವಿದ್ಯಾರ್ಥಿನಿ ಇದ್ದಾರೆ. ತಾನು ಬಿಟ್ಟುಹೋಗುವುದಿಲ್ಲವೆಂದು ಜೋ ಆಕೆಗೆ ಮಾತು ಕೊಟ್ಟಿರುತ್ತಾನೆ. ಹೆಣಗಳನ್ನು ತಿನ್ನಲು ಬರುವ ನಾಯಿಗಳಿಗೆ ಗುಂಡು ಹೊಡೆಯುತ್ತೇವೆ, ರೋಗ ಹರಡಬಾರದಲ್ಲ ಎನ್ನುತ್ತಾನೆ ಸೇನಾಧಿಕಾರಿ. ನಾಯಿಗಳೇನು ನಿಮ್ಮ ಮೇಲೆ ಗುಂಡು ಹಾರಿಸಿದ್ದವೇ ಎಂದು ಪಾದ್ರಿ ಸಿಟ್ಟಿನಿಂದ ಕೇಳುತ್ತಾನೆ. ಏಕೆಂದರೆ ತಮ್ಮ ಮೇಲೆ ಗುಂಡು ಹಾರಿಸದ ಹೊರತು ಕೊಲೆಗಡುಕರ ಮೇಲೆ ಗುಂಡು ಹಾರಿಸುವಂತಿಲ್ಲ ಎಂಬುದೇ ಆ ಅಧಿಕಾರಿಗಿದ್ದ ಆದೇಶ. ಚಿತ್ರದ ಹೆಸರು ಬಂದದ್ದು ಇದರಿಂದ. ಆತ ಕೆಟ್ಟವನಲ್ಲ, ನಿಯಮ ಪಾಲಿಸಿದವನು. ನನ್ನಂತೆ ಮೂವತ್ತಕ್ಕೂ ಹೆಚ್ಚು ವರ್ಷ ಸುತ್ತೋಲೆಗಳನ್ನು ಪಾಲಿಸಿದವನಿಗೆ ಆ ಮುಖ ಅಪರಿಚಿತವೆನಿಸಲಿಲ್ಲ.

ಕೊನೆಗೆ ಜೋ ಲಾರಿ ಹತ್ತುತ್ತಾನೆ. ಮರೀ ನೋಡುತ್ತಾ ನಿಲ್ಲುತ್ತಾಳೆ. ಪಾದ್ರಿ ಮಾತ್ರ ಉಳಿಯುತ್ತಾನೆ. ಕೆಲವು ಮಕ್ಕಳನ್ನು ವಾಹನದಲ್ಲಿ ಅಡಗಿಸಿ ಹೊರಗೊಯ್ದು, ತಡೆಗೋಡೆಯ ಬಳಿ ತಾನು ಗುಂಡಿಗೆ ಬಲಿಯಾಗುತ್ತಾನೆ. ಮಕ್ಕಳು ಕತ್ತಲಲ್ಲಿ ಪಾರಾಗುತ್ತಾರೆ. ಈ ಪಾತ್ರಕ್ಕೆ ಪ್ರೇರಣೆಯಾದವರು ರುವಾಂಡಾದಲ್ಲಿ ಅನೇಕರನ್ನು ಕಾಪಾಡಿದ, 1998ರಲ್ಲಿ ಕಿಗಾಲಿಯಲ್ಲಿಯೇ ಕೊಲೆಯಾದ ಬೋಸ್ನಿಯಾ ಮೂಲದ ಪಾದ್ರಿ ವ್ಯೆಕೊಸ್ಲಾವ್ ಚುರಿಚ್. ವರ್ಷಗಳ ನಂತರ ಮರೀ ಇಂಗ್ಲೆಂಡಿಗೆ ಹೋಗಿ ಜೋನನ್ನು ಕಾಣುತ್ತಾಳೆ. ಆತ ಅಲ್ಲೊಂದು ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾನೆ. ಏಕೆ ಬಿಟ್ಟುಹೋದಿರಿ ಎಂಬ ಪ್ರಶ್ನೆಗೆ ಆತನ ಬಳಿ ಇರುವುದು ಒಂದೇ ಉತ್ತರ, ಸಾಯಲು ಹೆದರಿದೆ. ಈ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಜೋನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆ ಲಾರಿ ನನ್ನ ಮುಂದೆ ನಿಂತಿದ್ದರೆ ನಾನು ಹತ್ತುತ್ತಿರಲಿಲ್ಲ ಎಂದು ನಿಮ್ಮೆದುರು ಎದೆ ತಟ್ಟಿ ಹೇಳಲಾರೆ.

ದಲೇರ್ ಅವರದು ಇನ್ನೊಂದು ಬಗೆಯ ಸಂಕಟ. ಅವರು 2003ರಲ್ಲಿ ಬರೆದ ಪುಸ್ತಕವೇ 2007ರ ಚಿತ್ರಕ್ಕೆ ಆಧಾರ. ಪಡೆಯನ್ನು ತೆಗೆಯುವ ಆದೇಶ ಬಂದರೂ ಅವರು ಸುಮಾರು 450 ಸೈನಿಕರೊಡನೆ ಅಲ್ಲಿಯೇ ಉಳಿದರು. ಅವರಲ್ಲಿ ಹೆಚ್ಚಿನವರು ಘಾನಾ ದೇಶದವರು. ಸಾವಿರಾರು ಜೀವಗಳು ಅದರಿಂದ ಉಳಿದವು. ಸೆನೆಗಲ್ ದೇಶದ ಕ್ಯಾಪ್ಟನ್ ಎಂಬಾಯೆ ಡಿಯಾಗ್ನೆ ಎಂಬ ನಿರಾಯುಧ ವೀಕ್ಷಕರು ಹಾಸ್ಯ ಮಾಡುತ್ತಾ, ಸಿಗರೇಟು ಕೊಡುತ್ತಾ ತಡೆಗೋಡೆಗಳನ್ನು ದಾಟಿ, ಕೆಲವರನ್ನೇ ಪ್ರತಿಸಲವೂ ಕಾರಿನಲ್ಲಿ ಕೂರಿಸಿಕೊಂಡು ನೂರಾರು ಮಂದಿಯನ್ನು ಉಳಿಸಿದರು. ಮೇ 31ರಂದು ಫಿರಂಗಿ ಗುಂಡಿಗೆ ಬಲಿಯಾದರು. ಇದ್ದು ಉಳಿಸಿದ ದಲೇರ್ ಅವರೇ, ಉಳಿಸಲಾಗದವರ ನೆನಪಿನಿಂದ ನಲುಗಿ ಮುಂದೆ ಆತ್ಮಹತ್ಯೆಗೂ ಯತ್ನಿಸಿದರು. ಹೋದ ಜೋನಿಗೂ ನಿದ್ದೆಯಿಲ್ಲ, ಉಳಿದ ದಲೇರ್‌ಗೂ ನಿದ್ದೆಯಿಲ್ಲ. ನಿಶ್ಚಿಂತೆಯಿಂದ ಮಲಗಿದವರು ದೂರದಲ್ಲಿದ್ದ ನಾವು.

ಇನ್ನು ದೊಡ್ಡ ರಾಷ್ಟ್ರಗಳ ವಿಚಾರ. 1993ರ ಅಕ್ಟೋಬರ್‌ನಲ್ಲಿ ಸೊಮಾಲಿಯಾದಲ್ಲಿ 18 ಅಮೆರಿಕನ್ ಸೈನಿಕರು ಸತ್ತ ಮೇಲೆ ಅಮೆರಿಕಕ್ಕೆ ಆಫ್ರಿಕಾದ ಗೊಡವೆಯೇ ಬೇಡವಾಗಿತ್ತು. 'ನರಮೇಧ' ಎಂಬ ಪದವನ್ನು ಬಳಸಿದರೆ 1948ರ ಒಪ್ಪಂದದ ಪ್ರಕಾರ ಏನಾದರೂ ಮಾಡಬೇಕಾದೀತೆಂದು ಅಧಿಕಾರಿಗಳು ಆ ಪದದ ಸುತ್ತಲೇ ತಿಂಗಳುಗಟ್ಟಲೆ ಸುಳಿದಾಡಿದರು. ನೆನಪಿಡಿ: 1994ರ ಮಾರ್ಚ್ 21ರಂದು ಯಹೂದಿಗಳ ನರಮೇಧವನ್ನು ಕುರಿತ 'ಷಿಂಡ್ಲರ್ಸ್ ಲಿಸ್ಟ್' ಚಿತ್ರಕ್ಕೆ ಏಳು ಆಸ್ಕರ್ ಪ್ರಶಸ್ತಿಗಳು ಬಂದಿದ್ದವು. ಅದಾಗಿ ಮೂರು ವಾರವೂ ತುಂಬಿರಲಿಲ್ಲ; ಏಪ್ರಿಲ್ 8ರಂದು ಅಮೆರಿಕದ ವಿದೇಶಾಂಗ ಇಲಾಖೆಯ ಪತ್ರಿಕಾಗೋಷ್ಠಿಯಲ್ಲಿ ಪ್ರುಡೆನ್ಸ್ ಬುಶ್ನೆಲ್ ಎಂಬ ಅಧಿಕಾರಿಣಿ ರುವಾಂಡಾದ ಬಗ್ಗೆ ಮಾತನಾಡಿ ಇಳಿದರು. ನಂತರ ಅದೇ ವೇದಿಕೆಗೆ ಬಂದ ವಕ್ತಾರರು, ಆ ಚಿತ್ರದ ಪ್ರದರ್ಶನವನ್ನು ತಡೆದಿದ್ದ ಬೇರೆ ದೇಶಗಳ ಸರ್ಕಾರಗಳನ್ನು ಟೀಕಿಸಿದರು. ಹಳೆಯ ನರಮೇಧದ ಚಿತ್ರಕ್ಕಾಗಿ ಕಣ್ಣೀರಿಟ್ಟ ಜಗತ್ತಿಗೆ ಎದುರಿಗಿನ ನರಮೇಧ ಕಾಣಲಿಲ್ಲ. ಚಿತ್ರ ನೋಡಿ ಅಳುವುದು ಬೇರೆ, ಎಚ್ಚರವಾಗುವುದು ಬೇರೆ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಕಲಿಸಲಾರದು. ಅಧ್ಯಕ್ಷ ಕ್ಲಿಂಟನ್ 1998ರಲ್ಲಿ ಕಿಗಾಲಿಗೆ ಹೋಗಿ ತಪ್ಪೊಪ್ಪಿಕೊಂಡರು. ಬೆಲ್ಜಿಯಂ ಪ್ರಧಾನಿ ವೆರ್‌ಹೊಫ್‌ಸ್ಟಾಟ್ 2000ದಲ್ಲಿ ಕ್ಷಮೆ ಕೇಳಿದರು.

ಈ ಚಿತ್ರಗಳ ಬಗ್ಗೆ ಒಂದು ನ್ಯಾಯವಾದ ದೂರೂ ಇದೆ. ಸತ್ತವರು ರುವಾಂಡಾದವರು, ಕಥಾನಾಯಕ ಮಾತ್ರ ಬಿಳಿಯ ಹೊರಗಿನವನು ಏಕೆ? ಅವನ ಮನಸ್ಸಿನ ತೊಳಲಾಟಕ್ಕೆ ಸಾವಿರ ಹೆಣಗಳು ಹಿನ್ನೆಲೆಯ ಪರದೆಯಾಗಬೇಕೇ? ಈ ದೃಷ್ಟಿಯಿಂದ ಹೈಟಿ ಮೂಲದ ರಾವುಲ್ ಪೆಕ್ ಅವರ ಚಿತ್ರ ಭಿನ್ನವಾದುದು. ಅದರ ಕೇಂದ್ರದಲ್ಲಿರುವುದು ಟುಟ್ಸಿ ಹೆಣ್ಣನ್ನು ಮದುವೆಯಾದ ಹುಟು ಸೇನಾಧಿಕಾರಿ ಒಗಸ್ಟೀನ್ ಮತ್ತು ದ್ವೇಷದ ಬಾನುಲಿಯಲ್ಲಿ ಮಾತನಾಡಿದ ಆತನ ಸಹೋದರ. ಬುಶ್ನೆಲ್ ಅವರ ಪಾತ್ರವೂ ಅದರಲ್ಲಿದೆ, ಆದರೆ ಬದಿಯಲ್ಲಿ. ನಾಲ್ಕರಲ್ಲಿ ಒಂದನ್ನೇ ನೋಡುವುದಾದರೆ ಇದನ್ನು ನೋಡಿ ಎಂದು ನನ್ನ ಸಲಹೆ.

ಆ ಚಿತ್ರದಲ್ಲೊಂದು ಹೆಣ್ಣುಮಕ್ಕಳ ಶಾಲೆಯ ದೃಶ್ಯ ಬರುತ್ತದೆ. ಬಂದೂಕುಧಾರಿಗಳು ನುಗ್ಗಿ, ಹುಟುಗಳೂ ಟುಟ್ಸಿಗಳೂ ಬೇರೆ ಬೇರೆಯಾಗಿ ನಿಲ್ಲಿ ಎನ್ನುತ್ತಾರೆ. ಮಕ್ಕಳು ಒಪ್ಪುವುದಿಲ್ಲ. ಇದನ್ನು ನೋಡಿದ ಮೇಲೆ ನಾನು ಆ ದೇಶದ ಶಾಲೆಗಳ ಬಗ್ಗೆ ಓದಿದೆ. ನರಮೇಧಕ್ಕೆ ಎಷ್ಟೋ ವರ್ಷ ಮೊದಲಿನಿಂದ ಅಲ್ಲಿನ ತರಗತಿಗಳಲ್ಲಿ ಮೇಷ್ಟ್ರುಗಳು 'ಹುಟುಗಳು ಎದ್ದು ನಿಲ್ಲಿ, ಟುಟ್ಸಿಗಳು ಎದ್ದು ನಿಲ್ಲಿ' ಎಂದು ಎಣಿಕೆ ತೆಗೆಯುತ್ತಿದ್ದರಂತೆ. ತಾನು ಯಾರೆಂದು ಮಗುವಿಗೆ ಮೊದಲು ತಿಳಿಯುತ್ತಿದ್ದುದೇ ಎಷ್ಟೋ ಸಲ ಹಾಗೆ. 1994ರಲ್ಲಿ ಕೊಲೆಗೆ ಕೈಹಾಕಿದವರಲ್ಲಿಯೂ ಮೇಷ್ಟ್ರುಗಳಿದ್ದರು, ಕೊಲೆಯಾದವರಲ್ಲಿಯೂ ಇದ್ದರು.

ಇದನ್ನು ಓದಿದ ರಾತ್ರಿ ನನಗೆ ನಿಜಕ್ಕೂ ನಿದ್ದೆ ಬರಲಿಲ್ಲ. ಈಗ ಹೇಳುವ ಮಾತು ನಿಮ್ಮಲ್ಲಿ ಕೆಲವರಿಗೆ ನೆನಪಿದ್ದರೂ ಇರಬಹುದು. ಪ್ರತಿ ವರ್ಷ ಜೂನ್‌ನಲ್ಲಿ ವಿದ್ಯಾರ್ಥಿವೇತನದ ಪಟ್ಟಿ ಮಾಡುವಾಗ ನಾನು ತರಗತಿಯಲ್ಲಿ ಗಟ್ಟಿಯಾಗಿ, "ಪರಿಶಿಷ್ಟ ಜಾತಿ, ಪಂಗಡದವರೆಲ್ಲ ಎದ್ದು ನಿಲ್ಲಿ" ಎನ್ನುತ್ತಿದ್ದೆ. ಹಾಗೆ ಮಾಡಿದರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಒಂದು ವರ್ಷ ಹುಡುಗಿಯೊಬ್ಬಳು ಎಲ್ಲರಿಗಿಂತ ಕೊನೆಗೆ, ತಲೆ ತಗ್ಗಿಸಿ ಎದ್ದು ನಿಂತಳು. ಸಂಜೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, "ಸಾರ್, ನನಗೆ ಸ್ಕಾಲರ್‌ಶಿಪ್ ಬೇಡ, ಹೆಸರು ತೆಗೀರಿ" ಎಂದಳು. ಬರುವ ಹಣ ಬಿಡುತ್ತೀಯಾ, ಬುದ್ಧಿ ಇಲ್ಲವೇ ಎಂದು ನಾನು ಗದರಿಸಿ ಕಳುಹಿಸಿದೆ. ನನ್ನದು ಒಳ್ಳೆಯ ಉದ್ದೇಶವೆಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ತಪ್ಪು ತಿಳಿಯಬೇಡಿ. ಕೊಲ್ಲಲು ಮಾಡಿದ ಪಟ್ಟಿಯನ್ನೂ, ಶತಮಾನಗಳ ಅನ್ಯಾಯವನ್ನು ಸರಿಪಡಿಸಲು ಮಾಡುವ ಪಟ್ಟಿಯನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆ ವಿದ್ಯಾರ್ಥಿವೇತನ ಬೇಕೇ ಬೇಕು, ಪಟ್ಟಿಯೂ ಬೇಕು. ಆದರೆ ಎಲ್ಲರ ಎದುರು ಎದ್ದು ನಿಲ್ಲಿಸಬೇಕಾಗಿರಲಿಲ್ಲ. ಅಗತ್ಯವಾದ ವಿವರವೆಲ್ಲ ದಾಖಲಾತಿ ಪುಸ್ತಕದಲ್ಲಿಯೇ ಇತ್ತು, ಸ್ವಲ್ಪ ಶ್ರಮಪಟ್ಟು ನೋಡಿಕೊಂಡಿದ್ದರೆ ಆಗುತ್ತಿತ್ತು. ಆ ತರಗತಿಯಲ್ಲಿ ನಾನೂ ಒಬ್ಬ ಹೊರಗಿನವನೇ. ಯಾರೂ ಎಂದೂ ನನ್ನನ್ನು ಹಾಗೆ ಎದ್ದು ನಿಲ್ಲಿಸಿರಲಿಲ್ಲ, ಆದ್ದರಿಂದ ಅದರ ಭಾರ ನನಗೆ ಗೊತ್ತಿರಲಿಲ್ಲ. 2006ರ ನಂತರ, 2019ರಲ್ಲಿ ನಿವೃತ್ತನಾಗುವವರೆಗೆ, ಮತ್ತೆ ಹಾಗೆ ಮಾಡಲಿಲ್ಲ. ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ತಾಯಿ, ನೀನು ಇದನ್ನು ಓದುತ್ತಿದ್ದರೆ, ಅಂದು ಗದರಿಸಿದ್ದಕ್ಕಾಗಿ ನಿನ್ನ ಮೇಷ್ಟ್ರನ್ನು ಕ್ಷಮಿಸು.

ಕೊನೆಯದಾಗಿ ಒಂದು ನಿಜಸಂಗತಿ. ನರಮೇಧ ಮುಗಿದು ಮೂರು ವರ್ಷ ತುಂಬುವ ಮೊದಲೇ, 1997ರ ಮಾರ್ಚ್ 18ರ ರಾತ್ರಿ, ರುವಾಂಡಾದ ನ್ಯಾಂಗೆ ಎಂಬಲ್ಲಿನ ಪ್ರೌಢಶಾಲೆಗೆ ಶಸ್ತ್ರಧಾರಿಗಳು ನುಗ್ಗಿ, ಓದುತ್ತ ಕುಳಿತಿದ್ದ ಮಕ್ಕಳಿಗೆ ಹುಟುಗಳೂ ಟುಟ್ಸಿಗಳೂ ಬೇರೆಯಾಗುವಂತೆ ಆಜ್ಞಾಪಿಸಿದರು. ಇಲ್ಲಿರುವವರೆಲ್ಲ ರುವಾಂಡಾದವರೇ ಎಂದು ಮಕ್ಕಳು ಉತ್ತರಿಸಿದರು, ಯಾರೂ ಬೇರೆಯಾಗಲಿಲ್ಲ. ಹಲವರು ಪ್ರಾಣ ತೆತ್ತರು. ಆ ದೇಶ ಅವರನ್ನು ರಾಷ್ಟ್ರವೀರರೆಂದು ಗೌರವಿಸಿದೆ. ಅವರು ನಮ್ಮ ಹೈಸ್ಕೂಲು, ಪಿಯುಸಿ ಮಕ್ಕಳ ವಯಸ್ಸಿನವರು. ದೊಡ್ಡ ರಾಷ್ಟ್ರಗಳಿಗೆ, ಸೇನಾಧಿಕಾರಿಗಳಿಗೆ, ನನ್ನಂಥ ಮೇಷ್ಟ್ರುಗಳಿಗೆ ಹೊಳೆಯದಿದ್ದ ಉತ್ತರ ಆ ಮಕ್ಕಳಿಗೆ ಹೊಳೆಯಿತು.

ನಿದ್ದೆ ಬರುತ್ತದೆಯೇ ಎಂದು ಕೇಳಿದ್ದೆಯಲ್ಲಪ್ಪ, ಕೆಲವು ರಾತ್ರಿ ಬರುವುದಿಲ್ಲ. ಬಾರದಿರುವುದೇ ಒಳ್ಳೆಯದೆಂದು ಈಗ ಅನ್ನಿಸುತ್ತದೆ. ನಿಮ್ಮಲ್ಲಿ ಅನೇಕರು ಇಂದು ಮೇಷ್ಟ್ರುಗಳಾಗಿದ್ದೀರಿ, ಕಚೇರಿಗಳಲ್ಲಿ ಪಟ್ಟಿ ಮಾಡುವವರಾಗಿದ್ದೀರಿ. ಯಾರನ್ನಾದರೂ ಎದ್ದು ನಿಲ್ಲಿ ಎನ್ನುವ ಮೊದಲು ಒಂದು ಕ್ಷಣ ಅವರ ಮುಖ ನೋಡಿ. ಇಷ್ಟನ್ನು ಪಾಠವೆಂದಲ್ಲ, ಬೇಡಿಕೆಯೆಂದು ತಿಳಿಯಿರಿ.

ಎಲ್ಲರಿಗೂ ಶುಭವಾಗಲಿ.

ಇಂತು,
ನಿಮ್ಮ ಮೇಷ್ಟ್ರು